ರಂಗದ ಹಿಂದಿನ ಕೆಲಸಕ್ಕೆ ಯಾವ ಟೆಕ್ನಾಲಜಿ ಬೇಕು?

ನಮ್ಮ ಹವ್ಯಾಸಿ ನಾಟಕ ತಂಡಗಳಲ್ಲಿ ರಂಗನಿರ್ವಹಣೆ ಅಂದರೆ ಸಾಮಾನ್ಯವಾಗಿ ಎಲ್ಲವೂ ಒಬ್ಬರ ತಲೆಯಲ್ಲಿ ಇರುತ್ತದೆ. ಯಾವ ದೃಶ್ಯಕ್ಕೆ ಬೆಂಚು ಎಡಗಡೆಯಿಂದ ಬರಬೇಕು, ಲಾಟೀನನ್ನು ಯಾರ ಕೈಗೆ ಕೊಡಬೇಕು, ಮಳೆಯ ಸದ್ದು ಯಾವ ಮಾತಿನ ಮೇಲೆ ಶುರುವಾಗಬೇಕು, ಎಲ್ಲ ಅವರಿಗೆ ಗೊತ್ತು. ಅವರಿರುವವರೆಗೆ ಪ್ರಯೋಗ ಸಲೀಸಾಗಿ ನಡೆಯುತ್ತದೆ. ಅವರಿಗೆ ಜ್ವರ ಬಂತು, ಆಫೀಸಿನಲ್ಲಿ ರಜೆ ಸಿಗಲಿಲ್ಲ ಅಂದರೆ ಉಳಿದವರೆಲ್ಲ ರಂಗದ ಪಕ್ಕದ ಮರೆಯ ಜಾಗವಾದ ವಿಂಗ್ಸ್‌ನಲ್ಲಿ ಪಿಸುಗುಡುತ್ತಾ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು. ಹಾಗಾಗಿ ಹೊಸ ಆ್ಯಪ್ ಬರಲಿ, ಲ್ಯಾಪ್‌ಟಾಪ್ ಬರಲಿ, ಯಂತ್ರ ಬರಲಿ, ನಾನು ಕೇಳುವುದು ಒಂದೇ ಪ್ರಶ್ನೆ. ಒಬ್ಬರ ತಲೆಯಲ್ಲಿ ಇರುವುದನ್ನು ಇನ್ನೊಬ್ಬರು ಓದಿಕೊಂಡು ಪ್ರಯೋಗ ನಡೆಸುವ ಹಾಗೆ ಮಾಡುತ್ತದಾ? ಮಾಡುತ್ತದೆ ಅಂದರೆ ಇಟ್ಟುಕೊಳ್ಳಿ. ಇಲ್ಲ ಅಂದರೆ ಎಷ್ಟು ದುಬಾರಿಯದ್ದಾದರೂ ಬೇಡ.

ಸ್ಕ್ರಿಪ್ಟಿನಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಕನ್ನಡ ತಂಡಗಳಿಗೆ ಇಲ್ಲೇ ಒಂದು ದೊಡ್ಡ ತೊಡಕಿದೆ. ನಮ್ಮಲ್ಲಿ ಎಷ್ಟೋ ಸ್ಕ್ರಿಪ್ಟುಗಳು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆಗಿರುತ್ತವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದೇ ಫೈಲು ನಟರ ಫೋನಿಗೆ ಹೋದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಆ ಫೈಲಿನ ಒಳಗೆ ಇರುವುದು ನಿಜವಾಗಿ ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದನ್ನು ಕನ್ನಡದಂತೆ ತೋರಿಸುವುದು ಫಾಂಟ್ ಅಷ್ಟೆ. ಪಿಡಿಎಫ್ ಮಾಡಿ ಕಳಿಸಿದರೆ ಓದಬಹುದು, ಆದರೆ ಅದರಲ್ಲಿ ಒಂದು ಪದವನ್ನೂ ಹುಡುಕಲು ಆಗುವುದಿಲ್ಲ. ಆದ್ದರಿಂದ ತಾಲೀಮು ಶುರುವಾಗುವ ಮೊದಲೇ ಸ್ಕ್ರಿಪ್ಟನ್ನು ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಉಚಿತ ಕನ್ವರ್ಟರುಗಳು ಇವೆ. ಬದಲಾದ ಮೇಲೆ ಒತ್ತಕ್ಷರ, ಅರ್ಕಾವೊತ್ತಿನ ಹತ್ತಿರ ಒಂದಷ್ಟು ತಪ್ಪು ಉಳಿದಿರುತ್ತದೆ, ಒಬ್ಬರು ಕೂತು ಪೂರ್ತಿ ಓದಿ ತಿದ್ದಲೇಬೇಕು.

ಬೇಜಾರಿನ ಕೆಲಸ ನಿಜ. ಆದರೆ ಅದು ಮುಗಿದ ಮೇಲೆ ಸಿಗುವ ಅನುಕೂಲ ನೋಡಿ. ‘ಲಾಟೀನು’ ಅಂತ ಹುಡುಕಿದರೆ ಅದು ಬರುವ ಪ್ರತಿ ಜಾಗವೂ ಸಿಗುತ್ತದೆ, ಪ್ರಾಪ್ಸ್ (ರಂಗದ ಮೇಲೆ ಬಳಸುವ ಸಾಮಾನು) ಪಟ್ಟಿ ಅರ್ಧ ಸಿದ್ಧವಾದ ಹಾಗೇ. ಪಾತ್ರದ ಹೆಸರು ಹುಡುಕಿದರೆ ಯಾವ ಪುಟದಲ್ಲಿ ಅವರು ಇದ್ದಾರೆ, ನಡುವೆ ಬಟ್ಟೆ ಬದಲಿಸಲು ಎಷ್ಟು ಹೊತ್ತು ಸಿಗುತ್ತದೆ ಅಂತ ತಿಳಿಯುತ್ತದೆ. ನಿರ್ದೇಶಕರು ಎರಡು ಮಾತು ಕತ್ತರಿಸಿದರೆ ಎಲ್ಲರ ಕೈಯಲ್ಲೂ ಅದೇ ಪ್ರತಿ ಇರುತ್ತದೆ. ಫೈಲಿನ ಹೆಸರಿನಲ್ಲಿ ತಾರೀಖು ಹಾಕಿ, ‘ಫೈನಲ್’, ‘ಹೊಸ ಫೈನಲ್’ ಅಂತ ಹೆಸರಿಡುವುದನ್ನು ಬಿಡಿ.

ಇಷ್ಟೆಲ್ಲ ಹೇಳಿದ ಮೇಲೂ, ಪ್ರಯೋಗದ ದಿನ ನಾನು ನಂಬುವುದು ಕಾಗದವನ್ನೇ. ಒಂದೇ ಬದಿ ಪ್ರಿಂಟ್ ತೆಗೆದು ಫೈಲ್ ಮಾಡಿದರೆ ತೆರೆದಾಗ ಒಂದು ಕಡೆ ಮಾತು, ಇನ್ನೊಂದು ಕಡೆ ಖಾಲಿ ಹಾಳೆ. ಖಾಲಿ ಕಡೆ ನಟರ ಚಲನೆ, ಮಾತಿನ ಕಡೆ ಬೆಳಕು ಮತ್ತು ಸದ್ದಿನ ಕ್ಯೂ (ಯಾವಾಗ ಏನಾಗಬೇಕು ಅನ್ನುವ ಸೂಚನೆ), ಎಲ್ಲ ಪೆನ್ಸಿಲಿನಲ್ಲಿ. ಟ್ಯಾಬ್ ಪರದೆಯ ಬೆಳಕು ವಿಂಗ್ಸ್‌ನಿಂದ ಆಚೆ ಬೀಳುತ್ತದೆ, ಬ್ಲ್ಯಾಕ್‌ಔಟ್ ಆದಾಗ ಮುಂದಿನ ಸಾಲಿನವರಿಗೆ ಕಾಣುತ್ತದೆ, ಬೆರಳು ತಗುಲಿದರೆ ಪುಟ ಹಾರುತ್ತದೆ. ಕಾಗದಕ್ಕೆ ಇದ್ಯಾವುದೂ ಇಲ್ಲ. ಓದಲು ಚಿಕ್ಕ ಟಾರ್ಚಿಗೆ ನೀಲಿ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿದರೆ ಸಾಕು.

ಕ್ಯೂ ಪಟ್ಟಿಗೆ ಮಾತ್ರ ಹಂಚಿಕೊಂಡು ಬರೆಯುವ ಗೂಗಲ್ ಶೀಟ್ ಬಹಳ ಒಳ್ಳೆಯದು. ಕ್ಯೂ ಸಂಖ್ಯೆ, ಸ್ಕ್ರಿಪ್ಟಿನ ಪುಟ, ಯಾವ ಮಾತು ಅಥವಾ ಯಾವ ಚಲನೆಯ ಮೇಲೆ, ಏನಾಗಬೇಕು, ಎಷ್ಟು ಸೆಕೆಂಡಿನಲ್ಲಿ. ಇಷ್ಟು ಕಾಲಮ್ ಇದ್ದರೆ ಆಯಿತು. ಸಂಖ್ಯೆಗಳನ್ನು 10, 20, 30 ಅಂತ ಬಿಟ್ಟು ಬಿಟ್ಟು ಕೊಡಿ, ಆಮೇಲೆ ನಡುವೆ ಒಂದು ಸೇರಿದರೆ 15 ಆಗುತ್ತದೆ, ಪೂರ್ತಿ ಪಟ್ಟಿ ತಿದ್ದುವ ಕಷ್ಟ ಇಲ್ಲ. ಅಂಕಿ ಬೆಳಕಿನ ಕ್ಯೂಗೆ ಮಾತ್ರ ಇರಲಿ, ಸದ್ದಿಗೂ ಅಂಕಿಯನ್ನೇ ಕೊಡಬೇಡಿ. ಕತ್ತಲಲ್ಲಿ ‘ಮೂವತ್ತು’ ಅಂದಾಗ ಬೆಳಕಿನವರು, ಸದ್ದಿನವರು ಇಬ್ಬರೂ ಗುಂಡಿ ಒತ್ತುತ್ತಾರೆ. ಕೆಲವರು ಸದ್ದಿಗೆ ಎ, ಬಿ, ಸಿ, ಡಿ ಅಂತ ಕೊಡುತ್ತಾರೆ, ಹೆಡ್‌ಸೆಟ್‌ನಲ್ಲಿ ಬಿ, ಡಿ, ಇ ಎಲ್ಲ ಒಂದೇ ಥರ ಕೇಳುತ್ತವೆ. ಸದ್ದಿಗೆ ಹೆಸರಿಡುವುದೇ ಸರಿ: ‘ಮಳೆ’, ‘ರೈಲು’, ‘ದೇವಸ್ಥಾನದ ಗಂಟೆ’. ಹೊಸಬರು ಕೂತರೂ ‘ರೈಲು, ರೆಡಿ’ ಅಂದರೆ ಏನು ಬರಬೇಕು ಅಂತ ಅರ್ಥವಾಗುತ್ತದೆ.

ಸದ್ದಿನ ವಿಷಯಕ್ಕೆ ಬಂದರೆ, ಪೆನ್‌ಡ್ರೈವಿನಲ್ಲಿ ಎಂಪಿ3 ಫೈಲು ಹಾಕಿ ಮ್ಯೂಸಿಕ್ ಪ್ಲೇಯರಿನಲ್ಲಿ ಒಂದೊಂದೇ ಹುಡುಕಿ ಹಾಕುವ ಪದ್ಧತಿ ಇನ್ನೂ ಬಹಳ ಕಡೆ ಇದೆ. ಇದನ್ನು ದಯವಿಟ್ಟು ನಿಲ್ಲಿಸೋಣ. ಮ್ಯಾಕ್ ಇದ್ದವರಿಗೆ ಕ್ಯೂಲ್ಯಾಬ್ ಅನ್ನುವ ಸಾಫ್ಟ್‌ವೇರ್ ಇದೆ, ಎರಡು ಚಾನೆಲ್ ಸದ್ದಿಗೆ ಅದರ ಉಚಿತ ಆವೃತ್ತಿಯೇ ಸಾಕು. ಲಿನಕ್ಸ್‌ನಲ್ಲಿ ಲಿನಕ್ಸ್ ಶೋ ಪ್ಲೇಯರ್ ಇದೆ, ಅದು ಪೂರ್ತಿ ಉಚಿತ. ಕ್ಯೂಗಳು ಸಾಲಾಗಿ ಜೋಡಿಸಿರುತ್ತವೆ, ಸ್ಪೇಸ್ ಬಾರ್ ಒತ್ತಿದರೆ ಮುಂದಿನದು. ಮಳೆ ಎಷ್ಟು ಜೋರಾಗಿರಬೇಕು, ಎಷ್ಟು ಸೆಕೆಂಡಿನಲ್ಲಿ ಮೆಲ್ಲಗಾಗಬೇಕು ಅನ್ನುವುದೆಲ್ಲ ಒಳಗೇ ಉಳಿದಿರುತ್ತದೆ. ಅಂದರೆ ಮೊದಲು ಒಬ್ಬ ಆಪರೇಟರ್ ಕೈಬೆರಳಿನಲ್ಲಿದ್ದ ಅಂದಾಜು ಈಗ ಫೈಲಿನಲ್ಲಿ ಇದೆ. ಅದನ್ನೇ ನಾನು ಟೆಕ್ನಾಲಜಿಯಿಂದ ಬಯಸುವುದು.

ಲ್ಯಾಪ್‌ಟಾಪ್ ಸಿದ್ಧ ಮಾಡುವಾಗ ವೈಫೈ ಆಫ್, ನೋಟಿಫಿಕೇಷನ್ ಆಫ್, ಸ್ಕ್ರೀನ್ ಸೇವರ್ ಆಫ್, ಅಪ್‌ಡೇಟ್ ನಿಲ್ಲಿಸಿ, ಚಾರ್ಜರ್ ಹಾಕಿ. ಇನ್ನೊಂದು ಲ್ಯಾಪ್‌ಟಾಪ್‌ನಲ್ಲೋ ಫೋನಿನಲ್ಲೋ ಅದೇ ಸದ್ದುಗಳನ್ನು ಕ್ರಮದಲ್ಲಿ ಹಾಕಿಟ್ಟಿರಿ. ಕರೆಂಟ್ ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಸೌಂಡ್ ಮಿಕ್ಸರಿಗೂ ಲೈಟ್ ಕನ್ಸೋಲಿಗೂ ಇರುವುದಿಲ್ಲ. ಜನರೇಟರ್ ಶುರುವಾಗುವ ಆ ಸ್ವಲ್ಪ ಹೊತ್ತಿಗೆ ಇವೆರಡಕ್ಕೆ ಮನೆಯ ಕಂಪ್ಯೂಟರಿಗೆ ಹಾಕುವಂಥ ಚಿಕ್ಕ ಯುಪಿಎಸ್ ಸಾಕು.

ಇನ್ನು ಬೆಳಕು. ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡಬೇಕು, ಯಾಕಂದರೆ ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಒಂದು ಪಾರ್ 64 ಹ್ಯಾಲೊಜೆನ್ ದೀಪ ಸಾಮಾನ್ಯವಾಗಿ 1000 ವಾಟ್. ನಮ್ಮ 230 ವೋಲ್ಟಿನಲ್ಲಿ ಅದು ಸುಮಾರು 4.3 ಆಂಪ್ ಎಳೆಯುತ್ತದೆ. ಬೆಳಕನ್ನು ಏರಿಸಿ ಇಳಿಸುವ 10 ಆಂಪಿನ ಡಿಮ್ಮರ್ ಚಾನೆಲ್‌ಗೆ ಎರಡು ದೀಪ ಸರಿ, ಮೂರನೆಯದು ಬೇಡ. 12 ದೀಪ ಒಟ್ಟಿಗೆ ಹೊತ್ತಿದರೆ 52 ಆಂಪ್. ಇದನ್ನು ಒಂದೇ ಫೇಸಿನ (ಕರೆಂಟಿನ ಒಂದೇ ಲೈನಿನ) ಮೇಲೆ, ಗೋಡೆಯ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಹಾಕುವ ಮಾತೇ ಇಲ್ಲ. ಮೂರು ಫೇಸಿಗೆ ಹಂಚಬೇಕು. ಆ ಹಂಚಿಕೆ ಮಾಡುವಾಗ ಸೌಂಡಿಗೆ ಸಾಧ್ಯವಾದರೆ ಡಿಮ್ಮರ್ ಇಲ್ಲದ ಬೇರೆ ಫೇಸ್ ಕೊಡಿ, ಇಲ್ಲದಿದ್ದರೆ ದೀಪ ಅರ್ಧಕ್ಕೆ ಇಳಿಸಿದಾಗಲೆಲ್ಲ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಬರುತ್ತದೆ.

ಆದ್ದರಿಂದ ಹೊಸ ಊರಿಗೆ ಹೋಗುವ ಮೊದಲು ನಾನು ಮಾಡುವ ಮೊದಲ ಕೆಲಸ ಫೋನ್. ‘ಅಣ್ಣಾ, ನಿಮ್ಮ ರಂಗಮಂದಿರದಲ್ಲಿ ತ್ರೀ ಫೇಸ್ ಇದೆಯಾ? ಮೇನ್ ಬೋರ್ಡ್ ಎಲ್ಲಿದೆ, ಒಂದು ಫೋಟೊ ಕಳಿಸ್ತೀರಾ? ಮೇಲೆ ದೀಪ ನೇತುಹಾಕುವ ಬಾರ್ ಎಷ್ಟಿವೆ?’ ನೋಡಿಕೊಳ್ಳುವವರು ಬಹಳ ಪ್ರೀತಿಯಿಂದ ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ಎಲ್ಲ ಕಳಿಸುತ್ತಾರೆ. ಕೇಳಬೇಕಷ್ಟೆ. ಒಂದು ಜಿಲ್ಲಾ ರಂಗಮಂದಿರದ ಹಾಗೆ ಇನ್ನೊಂದು ಇರುವುದಿಲ್ಲ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಅಗಲವಾದ ರಂಗಕ್ಕೆ ಹೊಂದಿಸಿದ ಬೆಳಕು, ಪ್ರೇಕ್ಷಕರು ಮೂರು ಕಡೆ ಕೂರುವ ರಂಗಶಂಕರಕ್ಕೆ ಹಾಗೇ ಹೊಂದುವುದಿಲ್ಲ. ಅಲ್ಲಿ ಪಕ್ಕದಲ್ಲಿ ಕೂತವರ ಕಣ್ಣಿಗೇ ದೀಪ ಹೊಡೆಯಬಹುದು. ಒಂದು ಲೇಸರ್ ಅಳತೆ ಯಂತ್ರ ಕೊಂಡರೆ ಅಗಲ, ಆಳ, ಬಾರಿನ ಎತ್ತರ ಎಲ್ಲ ಬೇಗ ಸಿಗುತ್ತದೆ. ಅಳತೆಯನ್ನು ಬರೆದಿಟ್ಟುಕೊಂಡು ಮುಂದಿನ ತಾಲೀಮಿನಲ್ಲಿ ನೆಲದ ಮೇಲೆ ಟೇಪ್ ಹಾಕಿ ಅಷ್ಟೇ ಜಾಗದಲ್ಲಿ ನಟಿಸಿ ನೋಡಿ. ಇದಕ್ಕಿಂತ ಉಪಯೋಗದ ತಯಾರಿ ಇನ್ನೊಂದಿಲ್ಲ.

ಈಗ ಎಲ್‌ಇಡಿ ಪಾರ್ ಬಂದ ಮೇಲೆ ಕರೆಂಟಿನ ಚಿಂತೆ ತುಂಬಾ ಕಡಿಮೆಯಾಗಿದೆ, ಬಣ್ಣಕ್ಕೆ ಜೆಲ್ ಬದಲಿಸುವ ಕೆಲಸವೂ ಇಲ್ಲ. ಅವುಗಳನ್ನು ಮಾತಾಡಿಸುವುದು ಡಿಎಂಎಕ್ಸ್ 512 ಅನ್ನುವ, 1986ರಲ್ಲಿ ರೂಪುಗೊಂಡ ಪದ್ಧತಿ. ಒಂದು ಕೇಬಲ್ಲಿನಲ್ಲಿ 512 ಚಾನೆಲ್, ಪ್ರತಿಯೊಂದಕ್ಕೂ 0ಯಿಂದ 255ರವರೆಗಿನ ಒಂದು ಮಟ್ಟ. ಕ್ಯೂಎಲ್‌ಸಿ ಪ್ಲಸ್ ಅನ್ನುವ ಉಚಿತ ಸಾಫ್ಟ್‌ವೇರ್ ಮತ್ತು ಯುಎಸ್‌ಬಿ ಇಂಟರ್‌ಫೇಸ್ ಇದ್ದರೆ ಲ್ಯಾಪ್‌ಟಾಪಿನಿಂದಲೇ ಎಲ್ಲ ಬೆಳಕನ್ನೂ ನಡೆಸಬಹುದು. ದೀಪಗಳು ಸುಮ್ಸುಮ್ನೆ ಮಿನುಗಿದರೆ ಮೊದಲು ಕೇಬಲ್ ನೋಡಿ. ಮೈಕ್ ಕೇಬಲನ್ನೇ ಡಿಎಂಎಕ್ಸ್‌ಗೆ ಹಾಕಿರುತ್ತಾರೆ, ಅಥವಾ ಕೊನೆಯ ದೀಪಕ್ಕೆ ಸಾಲನ್ನು ಮುಗಿಸುವ 120 ಓಮ್ ಟರ್ಮಿನೇಟರ್ ಪ್ಲಗ್ ಹಾಕಿರುವುದಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು: ಹ್ಯಾಲೊಜೆನ್ ನಿಧಾನಕ್ಕೆ ಆರುವಾಗ ಕೆಂಪಗೆ ತಿರುಗಿ ಕತ್ತಲಾಗುವ ಚೆಂದ ಅಗ್ಗದ ಎಲ್‌ಇಡಿಗೆ ಬರುವುದಿಲ್ಲ. ಅದು ಕೊನೆಯಲ್ಲಿ ಮೆಟ್ಟಿಲು ಇಳಿದ ಹಾಗೆ ಜಗ್ಗಿ ಆರುತ್ತದೆ. ನಾಟಕದ ಕೊನೆಯ ಫೇಡ್ಔಟ್‌ಗೆ ಎರಡು ಹ್ಯಾಲೊಜೆನ್ ದೀಪ ಉಳಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ವಿಂಗ್ಸ್‌ಗೂ ಹಿಂದಿನ ಕಂಟ್ರೋಲ್ ರೂಮಿಗೂ ಮಾತಾಡಲು ವೈರ್ ಇರುವ ಹೆಡ್‌ಸೆಟ್ ಸಿಕ್ಕರೆ ಅದೇ ಮೇಲು. ಫೋನ್ ಕಾನ್ಫರೆನ್ಸ್ ಕಾಲ್ ಹಾಕಿ ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಳ್ಳುವುದನ್ನು ಈಗ ಎಲ್ಲರೂ ಮಾಡುತ್ತಾರೆ, ಆದರೆ ಮಾತು ತಡವಾಗಿ ತಲುಪುತ್ತದೆ, ದಪ್ಪ ಗೋಡೆಯ ಒಳಗೆ ನೆಟ್‌ವರ್ಕ್ ಹೋಗುತ್ತದೆ. ‘ಗೋ’ ಅಂದಿದ್ದು ಕ್ಷಣ ತಡವಾದರೆ ಹೊಡೆತದ ಸದ್ದು ಹೊಡೆತ ಬಿದ್ದ ಮೇಲೆ ಬರುತ್ತದೆ. ದುಡ್ಡಿಲ್ಲದ ತಂಡಕ್ಕೆ ನನ್ನ ಸಲಹೆ ಕ್ಯೂ ಲೈಟ್. ಒಂದು ಕೆಂಪು, ಒಂದು ಹಸಿರು ಚಿಕ್ಕ ಎಲ್‌ಇಡಿ ಬಲ್ಬು, ಎರಡು ಸ್ವಿಚ್ಚು, ಉದ್ದದ ವೈರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಥವಾ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಎಲ್ಲ ಸಿಗುತ್ತದೆ. ಕೆಂಪು ಹೊತ್ತಿದರೆ ತಯಾರಾಗು, ಹಸಿರಾದರೆ ಮಾಡು. ಮಾತೂ ಬೇಡ, ನೆಟ್‌ವರ್ಕೂ ಬೇಡ.

ಸಮಯದ ವಿಷಯ. ರಂಗಶಂಕರ 2004ರಲ್ಲಿ ಶುರುವಾದಾಗಿನಿಂದ ಹೇಳಿದ ಹೊತ್ತಿಗೇ ನಾಟಕ ಶುರು, ತಡವಾಗಿ ಬಂದವರಿಗೆ ಒಳಗೆ ಜಾಗವಿಲ್ಲ. ಈ ಶಿಸ್ತನ್ನು ಎಲ್ಲ ತಂಡಗಳೂ ತಮ್ಮದಾಗಿಸಿಕೊಳ್ಳಬೇಕು ಅಂತ ನನಗೆ ಬಹಳ ಆಸೆ. ನಾಟಕ ಶುರುವಾಗುವ ಮೂರನೇ ಬೆಲ್ಲಿನಿಂದ ಹಿಂದಕ್ಕೆ ಎಣಿಸಿ ಫೋನಿನಲ್ಲಿ ವೈಬ್ರೇಷನ್ ಅಲಾರಂ ಇಡಿ: ಮೇಕಪ್ ಮುಗಿಯುವ ಹೊತ್ತು, ಪ್ರಾಪ್ಸ್ ಮೇಜು ಪರೀಕ್ಷೆ, ಎಲ್ಲರೂ ವಿಂಗ್ಸ್‌ನಲ್ಲಿ. ಪ್ರಾಪ್ಸ್ ಮೇಜನ್ನು ಸರಿಯಾಗಿ ಜೋಡಿಸಿದ ದಿನವೇ ಮೇಲಿನಿಂದ ಒಂದು ಫೋಟೊ ತೆಗೆದು ಪ್ರಿಂಟ್ ಹಾಕಿ ಅಲ್ಲೇ ಅಂಟಿಸಿದರೆ, ಏನು ಕಾಣೆಯಾಗಿದೆ ಅಂತ ಯಾರು ಬೇಕಾದರೂ ಹೇಳಬಹುದು. ನೆಲದ ಗುರುತಿಗೆ ಬಣ್ಣಬಣ್ಣದ ಇನ್ಸುಲೇಷನ್ ಟೇಪ್, ದೃಶ್ಯಕ್ಕೊಂದು ಬಣ್ಣ. ಮೆಟ್ಟಿಲಿನ ಅಂಚಿಗೆ ಕತ್ತಲಲ್ಲಿ ಹೊಳೆಯುವ ಟೇಪ್, ಇದರಲ್ಲಿ ಮಾತ್ರ ಜಿಪುಣತನ ಬೇಡ.

ಹೆಗ್ಗೋಡಿನ ನೀನಾಸಂ ಸಂಸ್ಥೆಯ ತಿರುಗಾಟ ತಂಡ 1985ರಿಂದ ಊರೂರು ಸುತ್ತಿ ನಾಟಕ ಆಡುತ್ತಿದೆ. ಹಾಗೆ ಸಾಮಾನು ಹೊತ್ತು ತಿರುಗುವ ಯಾವ ತಂಡಕ್ಕಾದರೂ ಟ್ರಂಕುಗಳಿಗೆ ನಂಬರ್ ಹಾಕಿ, ಒಳಗೆ ಏನಿದೆ ಅನ್ನುವ ಪಟ್ಟಿಯನ್ನು ಮುಚ್ಚಳದ ಒಳಗೂ ಶೀಟಿನಲ್ಲೂ ಇಡುವುದು ತುಂಬಾ ಸಹಾಯ. ರಾತ್ರಿ ನಾಟಕ ಮುಗಿದು ಲಾರಿಗೆ ತುಂಬುವಾಗ ಎಲ್ಲರಿಗೂ ಸುಸ್ತು, ಆಗ ನೆನಪನ್ನು ನಂಬುವುದು ಸರಿಯಲ್ಲ.

ಕನ್ನಡ ನಾಟಕದಲ್ಲಿ ಹಾಡುವವರ, ನುಡಿಸುವವರ ಮೇಳ ಇರುತ್ತದಲ್ವಾ, ಅಲ್ಲಿ ಮಾತ್ರ ಯಂತ್ರವನ್ನು ಹಿಂದೆ ಇಡಿ. ಹಾರ್ಮೋನಿಯಂ ನುಡಿಸುವವರು ಒಂದು ದಿನ ಸಾಲನ್ನು ಎಳೆದು ಹಾಡುತ್ತಾರೆ, ಇನ್ನೊಂದು ದಿನ ಪ್ರೇಕ್ಷಕರ ಚಪ್ಪಾಳೆಗೆ ಅದನ್ನೇ ಮತ್ತೆ ಎತ್ತಿಕೊಳ್ಳುತ್ತಾರೆ. ಟೈಮರ್ ಮೇಲೆ ನಿಲ್ಲಿಸಿದ ಬೆಳಕಿನ ಕ್ಯೂ ಅಲ್ಲಿ ನಾಟಕವನ್ನೇ ಕೊಲ್ಲುತ್ತದೆ. ಅಲ್ಲಿ ರಂಗನಿರ್ವಾಹಕರು ಹಾಡುಗಾರರ ಉಸಿರನ್ನು ನೋಡಿ ‘ಗೋ’ ಹೇಳಬೇಕು. ಅದಕ್ಕೆ ಅವರು ಮೇಳ ಕಾಣುವ ಜಾಗದಲ್ಲೇ ನಿಂತಿರಬೇಕು. ಕಾಣದಿದ್ದರೆ ಒಂದು ಚಿಕ್ಕ ಕ್ಯಾಮೆರಾ, ಒಂದು ಚಿಕ್ಕ ಪರದೆ ಹಾಕಿಸಿ, ವೈರಿನ ಮೂಲಕ.

ಪ್ರಯೋಗ ಮುಗಿದ ರಾತ್ರಿಯೇ ಒಂದು ವರದಿ ಬರೆಯಿರಿ. ಶುರುವಾದ ಹೊತ್ತು, ಪ್ರತಿ ಅಂಕ ಎಷ್ಟು ನಿಮಿಷ, ಏನು ಮುರಿಯಿತು, ಯಾರಿಗೆ ಪೆಟ್ಟಾಯಿತು, ಯಾವ ಕ್ಯೂ ತಪ್ಪಿತು. ಯಾರನ್ನೂ ಬೈಯುವುದಕ್ಕಲ್ಲ, ಹೆಸರೂ ಬೇಡ, ಕ್ಯೂ ಸಂಖ್ಯೆ ಸಾಕು. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸಬಹುದು, ಬಸ್ಸಿನಲ್ಲಿ ಕೂತೇ ಮುಗಿಯುತ್ತದೆ. ನಮ್ಮ ತಂಡದ ಕ್ಯೂ ಶೀಟ್, ಟ್ರಂಕ್ ಪಟ್ಟಿ ಮತ್ತು ಈ ವರದಿಯ ಖಾಲಿ ನಮೂನೆ ಯುನಿಕೋಡ್ ಕನ್ನಡದಲ್ಲಿ ಸಿದ್ಧವಾಗಿದೆ. ಯಾವ ತಂಡಕ್ಕೆ ಬೇಕಾದರೂ ಕೊಡುತ್ತೇನೆ, ನಿಮ್ಮ ನಾಟಕಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.