ಕೆಲಸ ಹೋಯಿತು, ಸಂಬಳ ನಿಲ್ಲಲಿಲ್ಲ

2025 ಅಕ್ಟೋಬರ್ 27, ಸೋಮವಾರ

ನಿನ್ನೆ ರಾತ್ರಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ ತನ್ನ ಅಮೆರಿಕನ್ ಫುಟ್‌ಬಾಲ್ ಕೋಚ್ ಬ್ರಯನ್ ಕೆಲ್ಲಿಯನ್ನು ಮನೆಗೆ ಕಳಿಸಿತು. ಶನಿವಾರದ ಮ್ಯಾಚ್ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅರ್ಧ ಆಟದ ಹೊತ್ತಿಗೆ 18-14ರಿಂದ ಮುಂದಿದ್ದ ತಂಡ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ ಎದುರು 49-25ಕ್ಕೆ ಸೋತಿತು. ಆಟ ಮುಗಿಯುವ ಮೊದಲೇ ಬ್ಯಾಟನ್ ರೂಜ್‌ನ ಆ ಭಾರಿ ಸ್ಟೇಡಿಯಂನಿಂದ ಜನ ಎದ್ದು ಹೊರಟಿದ್ದರು.

ಸೋಲು ಬಿಡಿ, ನನ್ನ ಹೊಟ್ಟೆ ಉರಿಸಿದ್ದು ದುಡ್ಡಿನ ಲೆಕ್ಕ. ಒಪ್ಪಂದದ ಅವಧಿ ಇನ್ನೂ ಮುಗಿದಿಲ್ಲವಾದ್ದರಿಂದ ಕೆಲ್ಲಿಗೆ ಇನ್ನೂ ಸುಮಾರು 5.4 ಕೋಟಿ ಡಾಲರ್ ಕೊಡಬೇಕಂತೆ. ರೂಪಾಯಿಯಲ್ಲಿ 470 ಕೋಟಿಗೂ ಜಾಸ್ತಿ! ಅದೂ ಕೆಲಸ ಮಾಡದೆ ಇರುವುದಕ್ಕೆ. ಎರಡು ವಾರದ ಹಿಂದೆ, 12ರಂದು, ಪೆನ್ ಸ್ಟೇಟ್ ಯೂನಿವರ್ಸಿಟಿ ತನ್ನ ಕೋಚ್ ಜೇಮ್ಸ್ ಫ್ರಾಂಕ್ಲಿನ್‌ರನ್ನು ತೆಗೆದಾಗಲೂ ಇದೇ ಕಥೆ. ಅಲ್ಲಿ ಸುಮಾರು 4.9 ಕೋಟಿ ಡಾಲರ್.

ಎಲ್ಲರೂ ಕೋಚ್‌ಗಳನ್ನು ಬೈಯುತ್ತಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೊಡುತ್ತೇವೆ ಅಂದರೆ ಯಾರು ಬೇಡ ಅಂತಾರೆ? ದುಡ್ಡು ಹೋಗಿದ್ದು ಕೆಲಸದಿಂದ ತೆಗೆದ ದಿನ ಅಲ್ಲ, ಸಹಿ ಹಾಕಿದ ದಿನ. ಇಬ್ಬರದೂ 2021ರ ನವೆಂಬರ್‌ನ ಹತ್ತು ವರ್ಷದ ಒಪ್ಪಂದಗಳು. ಆಗ ದೊಡ್ಡ ದೊಡ್ಡ ಹುದ್ದೆಗಳು ಖಾಲಿ ಬಿದ್ದಿದ್ದವು. ನಮ್ಮ ಕೋಚ್ ಎಲ್ಲಿ ಕೈತಪ್ಪಿ ಹೋಗುತ್ತಾನೋ ಅನ್ನೋ ಭಯ ಎಲ್ಲರಿಗೂ. ಆ ಭಯದಲ್ಲೇ ವರ್ಷಗಳನ್ನು ಸೇರಿಸುತ್ತಾ ಹೋದರು.

ಎಲ್ಲಕ್ಕಿಂತ ಕೆಟ್ಟ ಉದಾಹರಣೆ ಟೆಕ್ಸಸ್ ಎ ಅಂಡ್ ಎಂನ ಹಿಂದಿನ ಕೋಚ್ ಜಿಂಬೊ ಫಿಶರ್. ಅದೇ 2021ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವನ್ನು 2031ರ ತನಕ ಬೆಳೆಸಿದರು. 2023ರ ನವೆಂಬರ್‌ನಲ್ಲಿ ತೆಗೆದುಹಾಕಿದರು. ಬಾಕಿ 7.6 ಕೋಟಿ ಡಾಲರ್‌ಗೂ ಮೇಲೆ. 60 ದಿನದೊಳಗೆ 1.92 ಕೋಟಿ, ಆಮೇಲೆ 2031ರವರೆಗೆ ವರ್ಷಕ್ಕೆ 72 ಲಕ್ಷ. ಫಿಶರ್ ಬೇರೆ ಕಡೆ ಕೆಲಸಕ್ಕೆ ಸೇರಿ ಸಂಬಳ ತೆಗೆದುಕೊಂಡರೂ ಇದರಲ್ಲಿ ಒಂದು ಡಾಲರ್ ಕಡಿತವಾಗುವುದಿಲ್ಲ. ಇಂಥ ಷರತ್ತಿಗೆ ಒಪ್ಪಿಕೊಂಡವರು ಒಂದು ಸಲ ಗಟ್ಟಿಯಾಗಿ ಓದಿ ನೋಡಬಾರದಿತ್ತಾ?

ಈಗಲೂ ಅದೇ ನಡೆಯುತ್ತಿದೆ. ಫ್ರಾಂಕ್ಲಿನ್ ಹೋದ ನಾಲ್ಕೇ ದಿನಕ್ಕೆ ಇಂಡಿಯಾನಾ ಯೂನಿವರ್ಸಿಟಿ ತನ್ನ ಕೋಚ್ ಕರ್ಟ್ ಸಿಗ್ನೆಟ್ಟಿಗೆ 8 ವರ್ಷ, ಸುಮಾರು 9.3 ಕೋಟಿ ಡಾಲರ್ ಬರೆದುಕೊಟ್ಟಿತು. 2023ರಲ್ಲಿ ಬರೀ 3 ಮ್ಯಾಚ್ ಗೆದ್ದಿದ್ದ ತಂಡವನ್ನು ಮರುವರ್ಷವೇ 11 ಗೆಲ್ಲಿಸಿದ ಮನುಷ್ಯ. ಒಳ್ಳೆಯ ಸಂಬಳಕ್ಕೆ ಖಂಡಿತ ಅರ್ಹ. ಆದರೆ ಎಂಟು ವರ್ಷ ಯಾಕೆ?

ಇನ್ನು ಆಟಗಾರರು. ಕಾಲೇಜು ನೇರವಾಗಿ ಅವರಿಗೆ ದುಡ್ಡು ಕೊಡಬಹುದು ಅಂತ ಆಗಿದ್ದೇ ಈ ಜುಲೈನಲ್ಲಿ. ಅದಕ್ಕೂ ಮಿತಿ ಇದೆ: ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ 2025-26ಕ್ಕೆ 2.05 ಕೋಟಿ ಡಾಲರ್. ಕೆಲ್ಲಿ ಒಬ್ಬರ ಬಾಕಿ ಅದರ ಎರಡೂವರೆ ಪಟ್ಟು. ಮೊಣಕಾಲು ಮುರಿದುಕೊಳ್ಳುವವರು ಆ ಹುಡುಗರು ಅಲ್ವಾ?

ಲೂಸಿಯಾನಾ ಈಗ ಹೊಸ ಕೋಚ್ ಹುಡುಕಬೇಕು. ಸಂಬಳ ಎಷ್ಟಾದರೂ ಕೊಡಲಿ, ನನ್ನ ತಕರಾರಿಲ್ಲ. ಒಪ್ಪಂದ ನಾಲ್ಕು ವರ್ಷ ಸಾಕು. ಬೇರೆ ಕಡೆ ಕೆಲಸ ಸಿಕ್ಕರೆ ಅಷ್ಟು ಸಂಬಳ ಬಾಕಿಯಲ್ಲಿ ಕಡಿತ ಆಗಬೇಕು. ಸೀಸನ್ ನಡುವೆ ಯಾವ ವಿಸ್ತರಣೆಗೂ ಸಹಿ ಹಾಕಬಾರದು.