ಲಾರ್ಕ್ ಮೊಟ್ಟೆ ಬಣ್ಣದ ಹಸು
ಇವತ್ತು ದಕ್ಷಿಣ ಆಫ್ರಿಕಾದ ಕ್ವಾಝುಲು-ನಟಾಲ್ ಪ್ರಾಂತ್ಯದ ಹಳ್ಳಿ ರೋಡಲ್ಲಿ ಎನ್‌ಗುನಿ ದನಗಳ ಮಂದೆ ಅಡ್ಡ ಬಂತು, ಕಾರ್ ನಿಲ್ಸಿ ನೋಡ್ತಾನೇ ಇದ್ದೆ. ಒಂದರ ಮೈಬಣ್ಣ ಇನ್ನೊಂದಕ್ಕಿಲ್ಲ. ಒಂದು ಹಸು ಕಿಟಕಿ ಪಕ್ಕಕ್ಕೇ ಬಂದು ನಿಂತ್ಕೊಳ್ತು, ಬಿಳಿ ಮೈತುಂಬಾ ಸಣ್ಣ ಸಣ್ಣ ಕಂದು ಚುಕ್ಕೆ, ಕಪ್ಪು ಮೂತಿ, ನುಣ್ಣಗೆ ಮಿಂಚೋ ಕೂದಲು. ಝುಲು ಜನ ಈ ಚುಕ್ಕೆ ಬಣ್ಣನ ಲಾರ್ಕ್ ಹಕ್ಕಿ ಮೊಟ್ಟೆಗೆ ಹೋಲಿಸಿ ಕರೀತಾರೆ, ಎಷ್ಟು ಚೆಂದ ಅಲ್ವಾ! ಮಾಂಸಕ್ಕೆ ಸಾಕೋ ತಳಿ, ಆದ್ರೂ ಮೈಕಟ್ಟು ದೊಡ್ಡದಲ್ಲ, ಹಸು 300-400 ಕೆಜಿ ಇದ್ರೆ ಹೆಚ್ಚು, ಆದ್ರೆ ಉಣ್ಣೆ ಹುಳದ ಕಾಟ, ಬಿಸಿಲು, ಒಣಹುಲ್ಲು ಎಲ್ಲಾ ತಡ್ಕೊಳ್ಳತ್ತೆ, ಕರು ಚಿಕ್ಕದಿರತ್ತೆ ಹಾಗಾಗಿ ಈಯೋದೂ ಸಲೀಸು. ಇಂಥದ್ದನ್ನ ಒಂದು ಕಾಲದಲ್ಲಿ ಸರ್ಕಾರದವರೇ ಕೀಳು ತಳಿ ಅಂದು ಹೋರಿಗಳ ಬೀಜ ಒಡೆಸಿದ್ರು ಅಂದ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.