ಚಳಿ ಬರುವುದು ಕೆಳಗಿನಿಂದ

ಭತ್ತದ ಕಟಾವು ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ನವೆಂಬರ್ ನಡುವಿನಿಂದ ಡಿಸೆಂಬರ್ ಮುಗಿಯುವವರೆಗೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಮುಂಗಾರಿನ ಭತ್ತವೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಕಟಾವಿಗೆ ಬರುತ್ತದೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಓಡುವ ಯಂತ್ರವೊಂದು ಗದ್ದೆಯ ನಡುವೆ ಬೆಲ್ಟ್ ಹರಿದೋ ಬೇರಿಂಗ್ ಒಡೆದೋ ನಿಂತುಬಿಟ್ಟರೆ, ಅದನ್ನು ಮರುದಿನದ ಕೆಲಸಕ್ಕೆ ಸಿದ್ಧಪಡಿಸದೆ ನಾನು ಮನೆಗೆ ಮರಳುವಂತಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದಾಗಿರುತ್ತದೆ, ಕೊಪ್ಪಳದ ಮನೆ ದೂರವಿರುತ್ತದೆ, ಬೆಳಿಗ್ಗೆ ಯಂತ್ರ ಚಾಲೂ ಆಗುವಾಗ ನಾನು ಅಲ್ಲೇ ಇರಬೇಕಾಗುತ್ತದೆ. ಹೀಗಾಗಿ ಪ್ರತಿ ವರ್ಷ ಇಪ್ಪತ್ತಕ್ಕೂ ಹೆಚ್ಚು ರಾತ್ರಿಗಳನ್ನು ನಾನು ನನ್ನ ಈಕೋ ವ್ಯಾನಿನಲ್ಲಿ, ಸ್ಪ್ಯಾನರ್ ಪೆಟ್ಟಿಗೆ ಮತ್ತು ಗ್ರೀಸ್ ಡಬ್ಬಿಗಳ ಪಕ್ಕದಲ್ಲಿ ಮಲಗಿ ಕಳೆಯುತ್ತೇನೆ.

ನಮ್ಮ ಸೀಮೆಯಲ್ಲಿ ಚಳಿ ಎಲ್ಲಿಯದು ಎಂದು ಕೇಳುವವರಿದ್ದಾರೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಕಂಡವರು ಹಾಗೆ ಕೇಳುವುದು ಸಹಜ. ಆದರೆ ಡಿಸೆಂಬರಿನ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ 12–13 ಡಿಗ್ರಿಗೆ ಇಳಿಯುತ್ತದೆ. ಮೋಡವಿಲ್ಲದ ಆಕಾಶಕ್ಕೆ ತೆರೆದುಕೊಂಡ ವ್ಯಾನಿನ ತಗಡು ತನ್ನ ಬಿಸಿಯನ್ನು ಬೇಗ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಸುತ್ತ ನೀರು ನಿಂತು ಆರದ ಗದ್ದೆಗಳಿರುವುದರಿಂದ ಗಾಳಿಯಲ್ಲಿ ತೇವ ಹೆಚ್ಚು. ಊರಿನ ಮನೆಯ ಚಳಿಯೇ ಬೇರೆ, ಗದ್ದೆಯ ನಡುವೆ ತಗಡಿನ ಪೆಟ್ಟಿಗೆಯೊಳಗಿನ ಚಳಿಯೇ ಬೇರೆ.

2014ರ ಡಿಸೆಂಬರಿನಲ್ಲಿ, ಕಾರಟಗಿ ಹತ್ತಿರದ ಒಂದು ಕ್ಯಾಂಪಿನ ಬಳಿ ನಾನು ಮೊದಲ ಸಲ ಹೀಗೆ ಮಲಗಿದ್ದೆ. ಎರಡು ದಪ್ಪ ಸೊಲ್ಲಾಪುರ ಚಾದರಗಳನ್ನು ಹೊದ್ದುಕೊಂಡಿದ್ದೆ. ಕೆಳಗೆ ವ್ಯಾನಿನ ರಬ್ಬರ್ ಮ್ಯಾಟ್ ಮಾತ್ರ ಇತ್ತು. ಮೂರು ಗಂಟೆಗೆ ಎಚ್ಚರವಾದಾಗ ಎದೆ ಬೆಚ್ಚಗಿತ್ತು, ಬೆನ್ನು ಮತ್ತು ಸೊಂಟ ಮಾತ್ರ ಮರಗಟ್ಟಿದ್ದವು. ಅದೇ ಹೊತ್ತಿಗೆ ಹಣೆಯ ಮೇಲೆ ಒಂದು ತಣ್ಣನೆಯ ಹನಿ ಬಿತ್ತು. ಮೊಬೈಲಿನ ಬೆಳಕು ಹಾಯಿಸಿ ನೋಡಿದರೆ ಛಾವಣಿಯ ತಗಡಿನ ಒಳಮೈ ತುಂಬ ಸಾಸಿವೆ ಕಾಳಿನಷ್ಟು ಹನಿಗಳು ಕೂತಿದ್ದವು. ತಗಡಿನ ಏಣುಗಳ ಉದ್ದಕ್ಕೆ ಅವು ಒಂದಕ್ಕೊಂದು ಕೂಡಿ ದಪ್ಪವಾಗುತ್ತಿದ್ದವು. ಕಾಲುವೆ ರಸ್ತೆಯಲ್ಲಿ ಭತ್ತದ ಲಾರಿಯೊಂದು ಹಾದುಹೋದಾಗ ವ್ಯಾನು ಸಣ್ಣಗೆ ನಡುಗಿ, ಅವುಗಳಲ್ಲಿ ನಾಲ್ಕೈದು ಒಟ್ಟಿಗೆ ಚಾದರದ ಮೇಲೆ ಉದುರಿದವು. ಆ ನೀರೆಲ್ಲ ನನ್ನ ಉಸಿರೇ ಆಗಿತ್ತು. ಮಲಗಿದ ಮನುಷ್ಯನ ಉಸಿರು ಮತ್ತು ಮೈಯಿಂದ ಒಂದು ರಾತ್ರಿಯಲ್ಲಿ ಸುಮಾರು ಒಂದು ಲೋಟದಷ್ಟು ನೀರು ಆವಿಯಾಗಿ ಹೋಗುತ್ತದೆ, ಮುಚ್ಚಿದ ವ್ಯಾನಿನಲ್ಲಿ ಅದಕ್ಕೆ ತಣ್ಣನೆಯ ತಗಡು ಬಿಟ್ಟರೆ ಬೇರೆ ಜಾಗವಿರುವುದಿಲ್ಲ.

ಬೆಳಿಗ್ಗೆ ಗದ್ದೆಯ ಹಿರಿಯರು ಚಹಾ ತಂದುಕೊಟ್ಟು, ನನ್ನ ಹಾಸಿಗೆಯನ್ನು ಒಮ್ಮೆ ನೋಡಿ, "ತಮ್ಮಾ, ಮ್ಯಾಲ ನಾಕು ಹೊದ್ದರೂ ಅಷ್ಟ. ಕೆಳಗ ಹುಲ್ಲು ಹಾಕಿಲ್ಲಂದ್ರ ತಗಡು ನಿನ್ನ ಬಿಸಿ ಎಲ್ಲಾ ಕುಡೀತೈತಿ" ಎಂದರು. ಇಷ್ಟು ವರ್ಷಗಳಲ್ಲಿ ಈ ವಿಷಯವಾಗಿ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಬಟ್ಟೆಯ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಮೈಯ ಭಾರಕ್ಕೆ ಕೆಳಗಿನ ಚಾದರ ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುತ್ತದೆ, ಅದರ ಕೆಳಗಿರುವ ಕಬ್ಬಿಣ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಭಾರ ಬಿದ್ದರೂ ಪೂರ್ತಿ ಅಮುಕಿಹೋಗದ ಏನಾದರೊಂದು ಕೆಳಗೆ ಬೇಕು. ಹಿರಿಯರು ಹೇಳಿದಂತೆ ನಾನು 75 ಕಿಲೋ ಭತ್ತ ಹಿಡಿಯುವ ಎರಡು ಗೋಣಿಚೀಲಗಳಿಗೆ ಒಣಹುಲ್ಲು ತುಂಬಿ, ಬಾಯಿಗೆ ದಬ್ಬಣದಿಂದ ಹೊಲಿಗೆ ಹಾಕಿ, ಒಂದರ ಮುಂದೊಂದು ಇಟ್ಟು ಹಾಸಿಗೆ ಮಾಡಿಕೊಂಡೆ. ಹುಲ್ಲು ಹಿಂದಿನ ಬೆಳೆಯದ್ದು, ಬಣವೆಯ ಒಳಭಾಗದ್ದು ಆಗಿರಬೇಕು. ಆಗತಾನೇ ಯಂತ್ರದಿಂದ ಬಿದ್ದ ಹುಲ್ಲಿನಲ್ಲಿ ಹಸಿ ಉಳಿದಿರುತ್ತದೆ, ಅದು ಒಳಗೇ ಬೆವೆತು ಮುಗ್ಗುತ್ತದೆ. ಈಚೆಗೆ ಚೀಲಗಳ ಕೆಳಗೆ ದಪ್ಪ ಫೋಮ್ ಶೀಟೊಂದನ್ನೂ ಹಾಸುತ್ತೇನೆ, ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ಹುಲ್ಲಿನ ಚೀಲವನ್ನೇ ಆರಿಸುತ್ತೇನೆ.

ಹೊದೆಯುವುದಕ್ಕೆ ಅವ್ವ ಹೊಲಿದ ಕೌದಿ ಮತ್ತು ಒಂದು ಕರಿ ಕಂಬಳಿ ಇವೆ. ಹಳೆಯ ಸೀರೆಗಳ ಆರೇಳು ಪದರ ಸೇರಿಸಿ ಹೊಲಿದ ಕೌದಿ ಮೈಗೆ ಮೆತ್ತಗೆ ಅಂಟಿಕೊಂಡಿರುತ್ತದೆ, ಆದರೆ ಅರಳೆಯ ನೂಲು ತೇವ ಹಿಡಿದರೆ ಅದರ ಬಿಸಿ ಹೋಯಿತೆಂದೇ ಲೆಕ್ಕ. ಕಂಬಳಿಯ ಗುಣ ಬೇರೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ, ಬಿಸಿಯನ್ನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದಕ್ಕಾಗಿ ಕೌದಿ ಒಳಗೆ, ಕಂಬಳಿ ಹೊರಗೆ. ಛಾವಣಿಯ ಹನಿ ಬಿದ್ದರೆ ಕಂಬಳಿಯ ಮೇಲೇ ಬೀಳಲಿ. ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಇದನ್ನು ಕೊಂಡಾಗ ಹುಣಸೆಬೀಜದ ಅಂಟು ಉಂಡ ನೂಲು ಹಲಗೆಯಂತೆ ಬಿರುಸಾಗಿತ್ತು, ಚುಚ್ಚುತ್ತಿತ್ತು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಪಳಗಿತು. ದಖನಿ ಕುರಿಯ ಉಣ್ಣೆಯಿಂದ ನಮ್ಮ ಕುರುಬ ನೇಕಾರರು ನೇಯುವ ಈ ಕಂಬಳಿಯನ್ನು ಬಿಟ್ಟು ತೆಳ್ಳಗಿನ ಪಾಲಿಯೆಸ್ಟರ್ ಹೊದಿಕೆಗಳನ್ನು ಕೊಳ್ಳುವ ಹುಡುಗರನ್ನು ಕಂಡಾಗಲೆಲ್ಲ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ತೇವದ ವಿಷಯಕ್ಕೆ ಬಂದರೆ, ಚಳಿಯೆಂದು ಎಲ್ಲ ಗಾಜುಗಳನ್ನೂ ಬಿಗಿಯಾಗಿ ಮುಚ್ಚುವುದೇ ದೊಡ್ಡ ತಪ್ಪು. ಗಾಳಿ ಬೀಸದ ಬದಿಯ ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟರೆ ವ್ಯಾನು ಸ್ವಲ್ಪ ತಣ್ಣಗಾಗುತ್ತದೆ, ಆದರೆ ಹಾಸಿಗೆ ಒಣಗಿರುತ್ತದೆ, ಒಣ ಹಾಸಿಗೆಯಲ್ಲಿ ಮಲಗಿದವನಿಗೆ ಆ ಚಳಿ ತಟ್ಟುವುದಿಲ್ಲ. ಕೆಲಸದ ಬೆವರಿನ ಬನಿಯನ್ ಮತ್ತು ಗದ್ದೆಯ ಕೆಸರು ತಾಗಿದ ಕಾಲುಚೀಲಗಳನ್ನು, ಎಷ್ಟೇ ದಣಿವಾಗಿದ್ದರೂ, ತೆಗೆದು ಒಣಬಟ್ಟೆ ಹಾಕಿಕೊಂಡೇ ಮಲಗಬೇಕು.

ಇನ್ನು ಬೆಂಕಿಯ ವಿಷಯ. ಇದನ್ನು ಬರೆಯುವಾಗ ಇಂದಿಗೂ ನನ್ನ ಕೈ ತಡೆಯುತ್ತದೆ. ಎರಡನೆಯ ವರ್ಷದ ಒಂದು ರಾತ್ರಿ, ನಾನು ಮತ್ತು ಜೊತೆಗಿದ್ದ ಹುಡುಗ ಅಡುಗೆ ಮಾಡಿ ಉಳಿದ ಕೆಂಡವನ್ನು ಕಬ್ಬಿಣದ ಬುಟ್ಟಿಯಲ್ಲಿ ವ್ಯಾನಿನೊಳಗೆ ಇಟ್ಟುಕೊಂಡು, ಬಾಗಿಲು ಹಾಕಿ ಮಲಗಿದೆವು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಹಿತವಾದ ಬಿಸಿಯಿತ್ತು. ಮೂತ್ರಕ್ಕೆಂದು ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು. ಬಾಗಿಲು ಸರಿಸಿ ಇಳಿಯಲು ಹೋದವನು ಕಾಲಲ್ಲಿ ಬಲವಿಲ್ಲದೆ ಬದುವಿನ ಮೇಲೆ ಬಿದ್ದೆ. ಹುಡುಗನನ್ನು ಅಲುಗಾಡಿಸಿದರೂ ಅವನು ಕಣ್ಣು ಬಿಡಲಿಲ್ಲ. ತೆವಳುತ್ತಲೇ ಅವನನ್ನು ಹೊರಗೆ ಎಳೆದು ಹಾಕಿದೆ. ತಣ್ಣನೆಯ ಗಾಳಿಯಲ್ಲಿ ಕೆಲವು ನಿಮಿಷ ಕಳೆದ ಮೇಲೆ ಅವನು ವಾಂತಿ ಮಾಡಿಕೊಂಡು ಎಚ್ಚೆತ್ತ, ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಸುಧಾರಿಸಿದ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ರಾತ್ರಿ ನನಗೆ ಮೂತ್ರ ಬರದೇ ಹೋಗಿದ್ದರೆ ನಾವಿಬ್ಬರೂ ಏಳುತ್ತಿರಲಿಲ್ಲ. ಕೆಂಡವಾಗಲಿ, ಗ್ಯಾಸ್ ಒಲೆಯಾಗಲಿ, ಕಿಟಕಿ ಸ್ವಲ್ಪ ತೆರೆದಿದ್ದರೂ ಸರಿಯೇ, ವ್ಯಾನಿನೊಳಗೆ ಬೇಡ. ಹೀಟರಿಗಾಗಿ ಎಂಜಿನ್ ಚಾಲೂ ಇಟ್ಟು ಮಲಗುವುದೂ ಬೇಡ. ಸೈಲೆನ್ಸರಿನಲ್ಲಿ ಒಂದು ಸಣ್ಣ ತೂತಿದ್ದರೂ ಅದೇ ಗಾಳಿ ಒಳಗೆ ಬರುತ್ತದೆ. ಬೆಂಕಿ ಕಾಯಿಸಿಕೊಳ್ಳುವುದಾದರೆ ಹೊರಗೆ ಕಾಯಿಸಿಕೊಂಡು, ನಂದಿಸಿ ಬಂದು ಮಲಗಿ.

ಬಿಸಿ ಬೇಕೇ ಬೇಕೆಂದರೆ ಸ್ಟೀಲ್ ಬಾಟಲಿಯಲ್ಲಿ ಕುದಿದ ನೀರು ತುಂಬಿ, ಮುಚ್ಚಳ ಬಿಗಿಮಾಡಿ, ಉಣ್ಣೆಯ ಕಾಲುಚೀಲದೊಳಗೆ ಹಾಕಿ ಪಾದದ ಬಳಿ ಇಟ್ಟುಕೊಳ್ಳಿ; ನಡುರಾತ್ರಿಯವರೆಗೆ ಅದು ಸಾಕಾಗುತ್ತದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಹೊಟ್ಟೆ ತುಂಬ ತಿಂದು ಮಲಗಿದ ರಾತ್ರಿಗೂ ಬರೀ ಬಿಸ್ಕತ್ತಿನಲ್ಲಿ ಕಳೆದ ರಾತ್ರಿಗೂ ಬಹಳ ವ್ಯತ್ಯಾಸವಿದೆ. ಚಳಿಗೆಂದು ಕುಡಿಯುವವರಿಗೆ ಹೇಳಬೇಕಾದದ್ದು ಒಂದೇ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಕಳಿಸುತ್ತದೆ, ಬೆಚ್ಚಗಾದಂತೆ ತೋರುವುದು ಆ ಬಿಸಿ ಮೈಬಿಟ್ಟು ಹೋಗುವಾಗ.

ವ್ಯಾನು ನಿಲ್ಲಿಸುವ ಜಾಗವೂ ಮುಖ್ಯ. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಇಳಿದು ನಿಲ್ಲುತ್ತದೆ, ಆದ್ದರಿಂದ ಗದ್ದೆಯ ಮಟ್ಟದಲ್ಲಿ ನಿಲ್ಲಿಸದೆ ಕಣದ ಎತ್ತರಕ್ಕೆ ಹತ್ತಿಸುತ್ತೇನೆ. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುವುದರಿಂದ ಗೋಡೆ ಅಥವಾ ಬಣವೆ ಆ ಬದಿಗೆ ಇರುವಂತೆ ನೋಡಿಕೊಳ್ಳುತ್ತೇನೆ. ಬಣವೆಗೆ ತೀರ ಹತ್ತಿರ ಹೋಗುವುದಿಲ್ಲ, ಬಿಸಿ ಸೈಲೆನ್ಸರಿನ ಕೆಳಗೆ ಹುಲ್ಲು ಬಿದ್ದಿಲ್ಲವೆಂದು ಬಗ್ಗಿ ನೋಡಿಯೇ ನಿಲ್ಲಿಸುತ್ತೇನೆ.

ರಾತ್ರಿಯ ಅತಿ ಹೆಚ್ಚಿನ ಚಳಿ ಸೂರ್ಯ ಹುಟ್ಟುವ ಹೊತ್ತಿನದು. ಅದನ್ನು ಮಂಕಿ ಕ್ಯಾಪ್ ಎಳೆದುಕೊಂಡು ಕಳೆದರೆ ಮುಗಿಯಿತು. ಬಿಸಿಲು ಬಿದ್ದ ಕೂಡಲೇ ಎರಡೂ ಬದಿಯ ಬಾಗಿಲು ತೆರೆದು, ಛಾವಣಿಯ ಒಳಮೈಯನ್ನು ಬಟ್ಟೆಯಿಂದ ಒರೆಸಿ, ಚೀಲಗಳನ್ನು ಮಗುಚಿ, ಕೌದಿಯನ್ನು ಕಟಾವು ಯಂತ್ರದ ಮೇಲೆ ಹರವುತ್ತೇನೆ. ತೆನೆಯ ಮೇಲಿನ ಇಬ್ಬನಿ ಆರದೆ ಯಂತ್ರ ಗದ್ದೆಗೆ ಇಳಿಯುವುದಿಲ್ಲ. ಅಷ್ಟರಲ್ಲಿ ಕೌದಿಯೂ ಒಣಗಿರುತ್ತದೆ.